ಗಿಳಿ ಎಣಿಕೆ: ನಿಂತಲ್ಲೇ ನಿಂತಿದ್ದೆ, ಹಕ್ಕಿ ಪಟ್ಟಿ ಕಳಿಸುವ ಆ್ಯಪ್ ಇ-ಬರ್ಡ್‌ನಲ್ಲಿ 6 ಕಿ.ಮೀ. ಬಂದಿದೆ

ಗದ್ದೆಬದು:
ನಮ್ಮೂರು ಮಂಡ್ಯ ಪಕ್ಕ. ವಿ.ಸಿ. ನಾಲೆ ಏರಿ ಮೇಲೆ ಒಂದು ದೊಡ್ಡ ಮಳೆಮರ ಇದೆ, ಸಂಜೆಯಾದರೆ ಗದ್ದೆ ಕಡೆಯ ಗಿಳಿಗಳೆಲ್ಲ ಅಲ್ಲಿಗೇ ಬಂದು ಕೂರುತ್ತವೆ. ನಿನ್ನೆ 5.40ರಿಂದ 6.30ರವರೆಗೆ ಒಂದೇ ಕಡೆ ನಿಂತು ಎಣಿಸಿದೆ, 340 ಬಂತು. ಮನೆಗೆ ಬಂದು ಪಟ್ಟಿ ಕಳಿಸೋಣ ಅಂತ ನೋಡಿದರೆ ದೂರ 6.2 ಕಿ.ಮೀ., ಸಮಯ 1 ಗಂಟೆ 25 ನಿಮಿಷ! 340ಕ್ಕೆ ವಿವರಣೆ ಬೇರೆ ಕೇಳುತ್ತಿದೆ. ಗಿಳಿಗಳ ಜೊತೆ ನಾನೂ ಹಾರಿದೆನಾ? ಆ್ಯಪ್ ತೆಗೆದು ಮತ್ತೆ ಹಾಕಿಕೊಳ್ಳಲಾ?

ಕೆರೆ ಏರಿ, ಮೈಸೂರು:
ಅಯ್ಯೋ, ತೆಗೆಯಬೇಡಿ ಸರ್. ಕಳಿಸದ ಪಟ್ಟಿ ಫೋನಿನಲ್ಲೇ ಇರುತ್ತದೆ, ಆ್ಯಪ್ ಜೊತೆ ಅದೂ ಹೋಗುತ್ತದೆ. ಹೊರಡುವ ಮುಂಚೆ ಟ್ರ್ಯಾಕ್, ಅಂದರೆ ನೀವು ಹೋದ ದಾರಿ-ಸಮಯ ಆ್ಯಪ್ ಬರೆದುಕೊಳ್ಳುವುದನ್ನು, ನಿಲ್ಲಿಸಿದ್ದಿರಾ?

ಗದ್ದೆಬದು:
ಇಲ್ಲ. ಅಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಫೋನ್ ಜೇಬಿಗೆ ಹಾಕಿ ಬೈಕ್ ಹತ್ತಿದೆ. ದಾರಿಯಲ್ಲಿ ಕಾಫಿಗೂ ನಿಂತೆ.

ಕೆರೆ ಏರಿ, ಮೈಸೂರು:
ಅಲ್ಲೇ ಇದೆ ನೋಡಿ, ನಿಮ್ಮ ಕಾಫಿಯೂ ಲೆಕ್ಕಕ್ಕೆ ಸೇರಿದೆ. ಟ್ರ್ಯಾಕ್ ನಿಲ್ಲಿಸಲು ನೆಟ್‌ವರ್ಕ್ ಬೇಡ, ಕಳಿಸಲು ಮಾತ್ರ ಬೇಕು. ಈಗ 'ಸ್ಟೇಷನರಿ' (ಒಂದೇ ಕಡೆ ನಿಂತು ಎಣಿಸಿದ್ದು) ಆರಿಸಿ, ಸಮಯ 50 ನಿಮಿಷ ಹಾಕಿ. 30 ಮೀಟರ್ ಒಳಗೆ ಇದ್ದರೆ ಅದು ಸ್ಟೇಷನರಿಯೇ. ಜಾಗದ ಗುರುತು ನಾಲೆ ಮೇಲಿದೆಯಾ, ಮನೆ ಮೇಲಿದೆಯಾ ಅಂತಲೂ ನೋಡಿಬಿಡಿ. 340 ತಪ್ಪೇನಲ್ಲ. ಆ ಪ್ರದೇಶಕ್ಕೆ, ಆ ತಿಂಗಳಿಗೆ ಅಂತ ಒಂದು ಮಿತಿ ಇಟ್ಟಿರುತ್ತಾರೆ, ದಾಟಿದರೆ ಕೇಳುತ್ತದೆ. ಹತ್ತು ಹತ್ತರಂತೆ ಎಣಿಸಿದಿರೋ, ಒಂದೊಂದಾಗಿಯೋ, ಅದನ್ನೇ ಬರೆಯಿರಿ.

ಬಿದಿರುಮೆಳೆ:
ನಡುವೆ ಬಾಯಿ ಹಾಕುತ್ತಿದ್ದೇನೆ. ಎಲ್ಲವೂ ಗುಲಾಬಿ ಕೊರಳಿನ ಗಿಳಿನಾ? ಕತ್ತಲಾಗುವಾಗ ಹಿಂಡು ಬರೀ ಕಪ್ಪು ಚುಕ್ಕಿಗಳು. ಕೆಂಪು ತಲೆಯ ಗಿಳಿಗೆ ಬಾಲದ ತುದಿ ಬಿಳಿ, ಕೂಗೂ ಅಷ್ಟು ಕರ್ಕಶ ಅಲ್ಲ. ಗುರುತು ಸಿಗದವನ್ನು ಬರೀ ಗಿಳಿ ಅಂತ ಬೇರೆ ಸಾಲಿನಲ್ಲಿ ಹಾಕಬಹುದು, ಸುಮ್ನೆ ಒಂದೇ ಜಾತಿಗೆ ಸುರಿಯಬೇಡಿ. ಇನ್ನೊಂದು, ಕಂಡ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ ಅಂತ ಕೊನೆಗೆ ಕೇಳುತ್ತದಲ್ಲ, ಗಿಳಿ ಮಾತ್ರ ಎಣಿಸಿದ್ದರೆ 'ಇಲ್ಲ' ಅನ್ನಿ. 'ಹೌದು' ಅಂದರೆ ಅಲ್ಲಿ ಒಂದು ಕಾಗೆಯೂ ಇರಲಿಲ್ಲ ಅಂತ ಅರ್ಥವಾಗುತ್ತದೆ. ಜಾಸ್ತಿ ಜನ ಎಡವುವುದು ಇಲ್ಲೇ.

ಗದ್ದೆಬದು:
'ಹೌದು' ಒತ್ತಿದ್ದೆ, ಬದಲಾಯಿಸಿದೆ. ಕೊನೆಯ 10 ನಿಮಿಷದಲ್ಲಿ ಬಂದ 60ನ್ನು ಗುರುತು ಸಿಗದವು ಅಂತ ಬೇರೆ ಹಾಕಿದೆ, ಗುಲಾಬಿ ಕೊರಳಿನವು 280. ಪಟ್ಟಿ ಹೋಯಿತು. ಇವತ್ತು ಟ್ರ್ಯಾಕ್ ನಿಲ್ಲಿಸಿದ ಮೇಲೆಯೇ ಬೈಕ್ ಕೀ ತೆಗೆಯುತ್ತೇನೆ.