‘ಅವರ ರಕ್ತದಲ್ಲೇ ಇದೆ’: ಟೋಕಿಯೋ ವಿಡಿಯೊ ಮೇಲೆ ನಮ್ಮ ಮನೆ ಗುಂಪಿನ ಜಗಳ

ದೊಡ್ಡಪ್ಪ: (ವಿಡಿಯೊ) ಟೋಕಿಯೋದ ರಸ್ತೆ ನೋಡಿ. ಕಸದ ಬುಟ್ಟಿಯೇ ಇಲ್ಲ, ಆದರೂ ಒಂದು ಕಾಗದದ ಚೂರು ಬಿದ್ದಿಲ್ಲ. ಶುಚಿತ್ವ ಅವರ ರಕ್ತದಲ್ಲೇ ಇದೆ. ನಮ್ಮವರು ಏಳು ಜನ್ಮ ಎತ್ತಿದರೂ ಇದು ಬರುವುದಿಲ್ಲ.

ಅತ್ತೆ: ನೂರಕ್ಕೆ ನೂರು ಸತ್ಯ.

ಚಿಕ್ಕಪ್ಪ: ಶುಚಿತ್ವ ಇರಲಿ. ರೈಲಿನಲ್ಲಿ ಪಕ್ಕದವರೊಡನೆ ಒಂದು ಮಾತೂ ಆಡುವುದಿಲ್ಲವಂತೆ. ಮನುಷ್ಯರೋ ಯಂತ್ರಗಳೋ?

ನಾನು: ದೊಡ್ಡಪ್ಪ, ನಾನು ಹೋದ ವಾರವಷ್ಟೇ ಆ ಊರಿನಿಂದ ಬಂದಿದ್ದೇನೆ. ‘ರಕ್ತದಲ್ಲೇ ಇದೆ’ ಎಂಬ ಮಾತನ್ನು ದಯವಿಟ್ಟು ಹಿಂತೆಗೆದುಕೊಳ್ಳಿ.

ದೊಡ್ಡಪ್ಪ: ಏಕೆ? ವಿಡಿಯೊದಲ್ಲಿ ಇರುವುದು ಸುಳ್ಳೇ?

ನಾನು: ರಸ್ತೆ ಸುಳ್ಳಲ್ಲ. ಮೊದಲ ದಿನ ನಾನೂ ಬೆರಗಾದೆ. ಅಸಾಕುಸಾದ ಸೆನ್ಸೋಜಿ ದೇವಾಲಯದ ಹೊರಗೆ ಒಂದು ಬಾಳೆಹಣ್ಣು ತಿಂದೆ. ಸಿಪ್ಪೆ ಹಾಕಲು ಜಾಗವಿಲ್ಲ. ಅದನ್ನು ಚೀಲದಲ್ಲಿಟ್ಟುಕೊಂಡು ಉಯೆನೊ ಉದ್ಯಾನವನ್ನೆಲ್ಲ ಸುತ್ತಿ, ರಾತ್ರಿ ಕೋಣೆಗೆ ಬಂದ ಮೇಲೆಯೇ ಬಿಸಾಡಿದ್ದು. ಆದರೆ ಬುಟ್ಟಿ ಇಲ್ಲದಿರುವುದಕ್ಕೆ ಒಂದು ಕಾರಣವಿದೆ. 1995ರ ಮಾರ್ಚ್ 20ರಂದು ಓಮ್ ಶಿನ್ರಿಕ್ಯೊ ಎಂಬ ಪಂಥದವರು ಸುರಂಗ ರೈಲುಗಳಲ್ಲಿ ಸರಿನ್ ಎಂಬ ವಿಷ ಹರಡಿ ಜನರನ್ನು ಕೊಂದರು. ಆ ಭಯದಿಂದಲೇ ನಿಲ್ದಾಣಗಳ ಬುಟ್ಟಿಗಳನ್ನು ತೆಗೆಸಿದರು. ದುರಂತವೊಂದು ಉಳಿಸಿ ಹೋದ ಗುರುತನ್ನು ನಾವು ಸಂಸ್ಕೃತಿಯ ಲಕ್ಷಣವೆಂದು ಹಂಚುತ್ತಿದ್ದೇವೆ.

ಅತ್ತೆ: ಬಾಳೆಹಣ್ಣೇ ಏಕೆ ತಿಂದೆ? ಊಟ ಸಿಗಲಿಲ್ಲವೇ?

ನಾನು: ಸಿಕ್ಕಿತು ಅತ್ತೆ, ಹುಡುಕಬೇಕಾಯಿತು. ಬರೀ ತರಕಾರಿ ಹಾಕಿದ ಉದೋನ್ ಶ್ಯಾವಿಗೆಯ ಸಾರಿನಲ್ಲೂ ಒಣಮೀನಿನ ರಸ ಇರುತ್ತದೆ. ಉಮೆಬೊಶಿ ಎಂಬ ಹುಳಿ ಉಪ್ಪಿನಕಾಯಿ ಇಟ್ಟ ಅನ್ನದ ಉಂಡೆಯಿಂದಲೇ ಎಷ್ಟೋ ಹೊತ್ತಿನ ಊಟ ಮುಗಿಸಿದೆ.

ದೊಡ್ಡಪ್ಪ: ವಿಷಯ ಬದಲಿಸಬೇಡಿ. ಬುಟ್ಟಿ ತೆಗೆದ ಮೇಲೂ ಜನ ಬೀದಿಗೆ ಎಸೆಯಲಿಲ್ಲವಲ್ಲ? ನನ್ನ ಮಾತೂ ಅದೇ.

ನಾನು: ಎಸೆಯುವವರೂ ಇದ್ದಾರೆ. ಶಿಂಜುಕುವಿನ ಕಬುಕಿಚೊ ಬೀದಿಗಳಲ್ಲಿ ಬೆಳಗಿನ ಆರು ಗಂಟೆಗೆ ನಡೆದೆ. ಪಾನೀಯದ ಯಂತ್ರಗಳ ನೆತ್ತಿಯ ಮೇಲೆ ಖಾಲಿ ಡಬ್ಬಿಗಳು, ಕಟ್ಟೆಯ ಮೇಲೆ ಅರ್ಧ ತಿಂದ ಊಟದ ಪೊಟ್ಟಣ, ಅದನ್ನು ಕುಕ್ಕುವ ದಪ್ಪ ಕಾಗೆಗಳು. ಎಂಟು ಗಂಟೆಗೆ ಮತ್ತೆ ಅಲ್ಲಿಗೆ ಬಂದರೆ ಅರ್ಧ ಬೀದಿ ಗುಡಿಸಿಯಾಗಿತ್ತು. ಗುಡಿಸಿದವರೂ ಮನುಷ್ಯರು, ಅವರ ಕೈಯಲ್ಲಿದ್ದದ್ದೂ ಪೊರಕೆಯೇ. ನಿಮ್ಮ ವಿಡಿಯೊ ತೆಗೆದವರು ಎಂಟರ ನಂತರ ಬಂದಿರಬೇಕು.

ಚಿಕ್ಕಪ್ಪ: ಮಾತನಾಡದ ವಿಷಯಕ್ಕೆ ಉತ್ತರ ಬರಲಿಲ್ಲ.

ನಾನು: ಚಿಕ್ಕಪ್ಪ, ಯಾಮಾನೊತೆ ಎಂಬ ವರ್ತುಲ ಮಾರ್ಗದಲ್ಲಿ 30 ನಿಲ್ದಾಣಗಳಿವೆ, ಒಂದು ಸುತ್ತಿಗೆ ಸುಮಾರು ಒಂದು ಗಂಟೆ. ಸಂಜೆ ನನ್ನ ಪಕ್ಕದಲ್ಲಿದ್ದ ಹುಡುಗನೊಬ್ಬ ನಿದ್ದೆಯಲ್ಲಿ ಆಚೆಗಿದ್ದ ಅಪರಿಚಿತರ ಹೆಗಲಿಗೆ ಒರಗಿದ. ಅವರು ಹೆಗಲು ಸರಿಸಲಿಲ್ಲ, ಪುಸ್ತಕದ ಹಾಳೆಯನ್ನು ಒಂದೇ ಕೈಯಲ್ಲಿ ಮಗುಚುತ್ತಾ ಹೋದರು. ಇದು ಯಂತ್ರಗಳ ಗುಣವೇ? ದಿನವಿಡೀ ದುಡಿದವರು ಒಬ್ಬರಿಗೊಬ್ಬರು ಬಿಟ್ಟುಕೊಡುವ ವಿಶ್ರಾಂತಿ ಅದು ಎಂದು ನನಗನ್ನಿಸಿತು.

ಚಿಕ್ಕಪ್ಪ: ಹಾಗೆ ಹೇಳಿದರೆ ಸರಿ. ಆದರೂ ನನಗೆ ನಮ್ಮ ರೈಲಿನ ಹರಟೆಯೇ ಇಷ್ಟ.

ದೊಡ್ಡಪ್ಪ: ಎರಡು ಬೀದಿ ನೋಡಿ ಬಂದು ಇಡೀ ಜನಾಂಗದ ಶಿಸ್ತನ್ನು ಅಲ್ಲಗಳೆಯುತ್ತೀಯ?

ನಾನು: ಅಲ್ಲಗಳೆಯುತ್ತಿಲ್ಲ, ಅದಕ್ಕೆ ತೆತ್ತ ಬೆಲೆಯನ್ನು ಹೇಳುತ್ತಿದ್ದೇನೆ. ಇಕೆಬುಕುರೊ ನಿಲ್ದಾಣದಿಂದ ಹೊರಬಂದಾಗ ಬಾನಿಗೆ ಚುಚ್ಚಿದಂತೆ ಒಂದು ಗೋಪುರ ಕಂಡಿತು. ನಗರ ನೋಡಲು ಮೇಲೆ ಹತ್ತುವ ಗೋಪುರವೆಂದುಕೊಂಡೆ. ಹತ್ತಿರ ಹೋದರೆ ಕಸ ಸುಡುವ ಘಟಕದ ಚಿಮಣಿ! 210 ಮೀಟರ್ ಎತ್ತರ, ಅಂಗಡಿ ಮನೆಗಳ ನಡುವೆಯೇ ಇದೆ. ಊರಿನ ನಟ್ಟನಡುವೆ ಇದನ್ನು ಜನ ಹೇಗೆ ಒಪ್ಪಿದರು ಎಂದು ಆ ರಾತ್ರಿ ಕುಳಿತು ಓದಿದೆ.

ನಾನು: 1960ರ ದಶಕದಲ್ಲಿ ಟೋಕಿಯೋದ ಕಸದ ಬಹುಪಾಲು ಕೊತೊ ವಾರ್ಡಿನ ಕಡಲಂಚಿಗೆ ಹೋಗುತ್ತಿತ್ತು. ಅಲ್ಲಿನ ಗುಡ್ಡೆಯ ಹೆಸರು ಯುಮೆನೊಶಿಮಾ, ಅಂದರೆ ಕನಸಿನ ದ್ವೀಪ. 1965ರ ಬೇಸಿಗೆಯಲ್ಲಿ ಅಲ್ಲಿಂದ ನೊಣಗಳ ಹಿಂಡು ಊರಿಗೆ ನುಗ್ಗಿತು, ಕೊನೆಗೆ ಗುಡ್ಡೆಗೇ ಬೆಂಕಿ ಇಟ್ಟರು. 1971ರಲ್ಲಿ ಗವರ್ನರ್ ರ್‍ಯೊಕಿಚಿ ಮಿನೊಬೆ ‘ಕಸದ ಯುದ್ಧ’ ಎಂದೇ ಘೋಷಿಸಿದರು. ಸುಗಿನಾಮಿ ವಾರ್ಡಿನವರು ತಮ್ಮಲ್ಲಿ ಸುಡುವ ಘಟಕ ಬೇಡವೆಂದು ಹಟ ಹಿಡಿದರು. ನಿಮ್ಮ ಕಸ ನಮಗೇಕೆ ಎಂದು ಕೊತೊದವರು ಸುಗಿನಾಮಿಯ ಲಾರಿಗಳನ್ನು ತಡೆದು ನಿಲ್ಲಿಸಿದರು. ವರ್ಷಗಟ್ಟಲೆ ಜಗಳ, ನ್ಯಾಯಾಲಯ, ರಾಜಿ. ಆಮೇಲೆಯೇ ಸುಗಿನಾಮಿಯಲ್ಲಿ ಘಟಕ ಎದ್ದದ್ದು. ದೊಡ್ಡಪ್ಪ, ಆಗ ನೀವು ಹುಟ್ಟಿದ್ದಿರಿ. ಅಷ್ಟರಲ್ಲಿ ಯಾರ ರಕ್ತವೂ ಬದಲಾಗುವುದಿಲ್ಲ.

ತಮ್ಮ: ಇದು ಮಂಡೂರಿನ ಕತೆಯಂತೆಯೇ ಇದೆ. 2014ರಲ್ಲಿ ಬೆಂಗಳೂರಿನ ಕಸ ನಮ್ಮೂರಿಗೆ ಬೇಡವೆಂದು ಅಲ್ಲಿನವರು ಬೀದಿಗಿಳಿದಿದ್ದರು.

ನಾನು: ಅದೇ. ಅವರನ್ನು ಅಂದು ಈ ಗುಂಪಿನಲ್ಲೇ ‘ಅಡ್ಡಿ ಮಾಡುವವರು’ ಎಂದು ಬೈದಿದ್ದೆವು. ಕೊತೊದವರು ಮಾಡಿದ್ದೂ ಅದನ್ನೇ. ಯುಮೆನೊಶಿಮಾ ಇಂದು ಉದ್ಯಾನವಾಗಿದೆ. ಅಲ್ಲಿನ ಗಾಜಿನ ಮನೆಯಲ್ಲಿ ಉಷ್ಣವಲಯದ ಮರಗಳಿವೆ, ಅವುಗಳನ್ನು ಬೆಚ್ಚಗಿಡುವುದು ಪಕ್ಕದ ಘಟಕದಲ್ಲಿ ಕಸ ಸುಟ್ಟ ಶಾಖ. ಒಳಗೆ ಕಾಲಿಟ್ಟೊಡನೆ ಕರಾವಳಿಯ ಸೆಕೆ ಮುಖಕ್ಕೆ ರಾಚಿತು. ನಾನು ನಿಂತ ನೆಲದ ಅಡಿಯಲ್ಲಿ ಆ ಹಳೆಯ ಕಸವೇ ಇದೆ ಎಂದು ನೆನೆದು ಬಹಳ ಹೊತ್ತು ಅಲ್ಲಿಯೇ ಕುಳಿತಿದ್ದೆ.

ದೊಡ್ಡಪ್ಪ: ಇಷ್ಟೆಲ್ಲ ನನಗೆ ತಿಳಿದಿರಲಿಲ್ಲ. ಆದರೆ ನಮ್ಮಲ್ಲಿ ಇಂಥ ಶಿಸ್ತು ಬರುತ್ತದೆ ಎಂದು ನಾನು ನಂಬುವುದಿಲ್ಲ.

ನಾನು: ನಂಬದಿದ್ದರೂ ಸರಿ. ‘ರಕ್ತ’ ಎನ್ನಬೇಡಿ. ಹಾಗೆಂದರೆ ಅವರು ಪಟ್ಟ ಪಾಡೂ ಸುಳ್ಳಾಗುತ್ತದೆ, ನಾವು ಮಾಡಬೇಕಾದ ಕೆಲಸವೂ ತಪ್ಪಿಹೋಗುತ್ತದೆ.

ಚಿಕ್ಕಮ್ಮ: ನಾನು ಇಷ್ಟು ಹೊತ್ತೂ ಓದುತ್ತಿದ್ದೆ. ಅಲ್ಲಿ ಮನೆಗಳ ಮುಂದೆ ಕಸ ಎಲ್ಲಿ ಇಡುತ್ತಾರೆ? ನಮ್ಮ ಬೀದಿಯಲ್ಲಿ ಚೀಲ ಇಟ್ಟ ಹತ್ತೇ ನಿಮಿಷಕ್ಕೆ ನಾಯಿ, ಕಾಗೆ ಎಳೆದು ಹರಡುತ್ತವೆ.

ನಾನು: ಬೀದಿಯ ಒಂದು ಗೊತ್ತಾದ ಜಾಗದಲ್ಲಿ ಇಡುತ್ತಾರೆ ಚಿಕ್ಕಮ್ಮ, ವಾರದಲ್ಲಿ ಯಾವ ದಿನ ಯಾವ ಕಸ ಎಂದು ಫಲಕ ಇರುತ್ತದೆ. ಚೀಲಗಳ ಮೇಲೆ ಕಾಗೆ ಕುಕ್ಕದಂತೆ ಬಲೆ ಹೊದಿಸುತ್ತಾರೆ. ನಾನಿದ್ದ ಓಣಿಯಲ್ಲಿ ಒಬ್ಬ ಅಜ್ಜಿ ಬಗ್ಗಿ, ಬಲೆಯ ಅಂಚನ್ನು ಚೀಲಗಳ ಕೆಳಗೆ ತೂರಿಸಿ, ಮೂಲೆಗೆ ನೀರು ತುಂಬಿದ ಬಾಟಲಿಯನ್ನು ಭಾರಕ್ಕಿಟ್ಟರು. ಎದ್ದು, ಎರಡು ಹೆಜ್ಜೆ ಹೋಗಿ, ಮತ್ತೆ ತಿರುಗಿ ಬಂದು ಆ ಬಾಟಲಿಯನ್ನು ಸ್ವಲ್ಪ ಸರಿಸಿದರು.

ಚಿಕ್ಕಮ್ಮ: ಆ ಬಲೆಯ ಚಿತ್ರ ಇದೆಯೇ?

ನಾನು: (ಚಿತ್ರ) ನಾಯಿಗೆ ಇದು ಸಾಲದು, ಅಂಚಿಗೆ ದಪ್ಪ ಹಗ್ಗ ಹೊಲಿಯಬೇಕಾಗಬಹುದು.

ದೊಡ್ಡಪ್ಪ: ಮೀನು ಹಿಡಿಯುವವರ ಹಳೆಯ ಬಲೆ ಮಲ್ಪೆಯಲ್ಲಿ ಸಿಗುತ್ತದೆ. ಎಷ್ಟು ಮೊಳ ಬೇಕು, ಅಳೆದು ಹೇಳು.