ಪಬ್‌ಮೆಡ್‌ನಲ್ಲಿ ಏನೂ ಇಲ್ಲ, ಗೂಗಲ್ ಸ್ಕಾಲರ್‌ನಲ್ಲಿ ಸಾವಿರಾರು: ಮಂಗನ ಕಾಯಿಲೆಯ ಲೇಖನಗಳನ್ನು ಹುಡುಕುವುದು ಹೇಗೆ?

ಪ್ರಶ್ನೆ (ಸ್ನಾತಕೋತ್ತರ ವಿದ್ಯಾರ್ಥಿ):
ನಮಸ್ಕಾರ. ಮಂಗನ ಕಾಯಿಲೆಯ ಲಸಿಕೆಯ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ. "ಕ್ಯಾಸನೂರ್ ಫಾರೆಸ್ಟ್ ಡಿಸೀಸ್ ವ್ಯಾಕ್ಸಿನ್" ಎಂದು ಇಡೀ ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ವೈದ್ಯಕೀಯ ಲೇಖನಗಳ ಸೂಚಿಯಾದ ಪಬ್‌ಮೆಡ್‌ನಲ್ಲಿ ತೀರಾ ಕಡಿಮೆ ಸಿಗುತ್ತದೆ. ಚಿಹ್ನೆ ತೆಗೆದು ಸ್ಕಾಲರ್‌ನಲ್ಲಿ ಹುಡುಕಿದರೆ ಡೆಂಗಿ, ಜೀಕಾ ಎಲ್ಲವೂ ಬಂದು ಸುರಿಯುತ್ತವೆ. ಬೇಕಾದ ಲೇಖನ ಸಿಕ್ಕರೂ ಮನೆಯಲ್ಲಿ ತೆರೆದಾಗ ಹಣ ಕೇಳುತ್ತದೆ.

ಉತ್ತರ (ವೈದ್ಯಕೀಯ ಗ್ರಂಥಪಾಲಕಿ):
ಮೊದಲು ಪಬ್‌ಮೆಡ್‌ನಲ್ಲಿ ಆ ಉದ್ಧರಣ ಚಿಹ್ನೆಗಳನ್ನು ತೆಗೆಯಿರಿ. ಚಿಹ್ನೆ ಇಲ್ಲದಿದ್ದರೆ ಪಬ್‌ಮೆಡ್ ನಿಮ್ಮ ಪದಗಳನ್ನು 'ಮೆಶ್' ಎಂಬ ತನ್ನ ವಿಷಯಪದಗಳ ಪಟ್ಟಿಗೆ ತಾನಾಗಿಯೇ ಜೋಡಿಸಿಕೊಳ್ಳುತ್ತದೆ. ಚಿಹ್ನೆ ಹಾಕಿದ ಕೂಡಲೇ ಆ ಜೋಡಣೆ ನಿಂತುಹೋಗುತ್ತದೆ. 'ಅಡ್ವಾನ್ಸ್ಡ್' ಪುಟದಲ್ಲಿ ಹುಡುಕಾಟದ ಇತಿಹಾಸವಿರುತ್ತದೆ. ಅಲ್ಲಿ 'ಡೀಟೇಲ್ಸ್' ತೆರೆದರೆ ನಿಮ್ಮ ಸಾಲನ್ನು ಅದು ಹೇಗೆ ಬಿಡಿಸಿಕೊಂಡಿದೆ ಎಂಬುದು ಕಾಣುತ್ತದೆ. ಅದನ್ನು ಪ್ರತಿ ಸಲವೂ ನೋಡಿ.

ಸ್ಕಾಲರ್‌ನದು ಬೇರೆ ಕೆಲಸ. ಅದು ಲೇಖನದ ಒಡಲನ್ನೂ ಜಾಲಾಡುತ್ತದೆ. ಹಾಗಾಗಿ ಡೆಂಗಿಯ ಲೇಖನದ ಯಾವುದೋ ಮೂಲೆಯಲ್ಲಿ ಕ್ಯಾಸನೂರು ಎಂದಿದ್ದರೂ ಅದು ನಿಮ್ಮ ಮುಂದೆ ಬರುತ್ತದೆ. ಎಷ್ಟೇ ಸಾವಿರ ತೋರಿಸಿದರೂ ಅದು ಮೊದಲ 1000ದ ಆಚೆಗೆ ನೋಡಗೊಡುವುದಿಲ್ಲ. ಆದ್ದರಿಂದ ಮುಖ್ಯ ಹುಡುಕಾಟವನ್ನು ಪಬ್‌ಮೆಡ್‌ನಲ್ಲೇ ಕಟ್ಟಿ. ಅಲ್ಲಿ ಸಿಕ್ಕ ಒಳ್ಳೆಯ ಲೇಖನಗಳನ್ನು ಸ್ಕಾಲರ್‌ಗೆ ಒಯ್ದು, ಅವುಗಳ ಕೆಳಗಿನ 'ಸೈಟೆಡ್ ಬೈ' ಕೊಂಡಿಯನ್ನು ಹಿಡಿದು, ಅವನ್ನು ಉಲ್ಲೇಖಿಸಿದ ನಂತರದ ಲೇಖನಗಳತ್ತ ಹೋಗಿ.

ಹಳೆಯ ಸಾಹಿತ್ಯಕ್ಕೆ ಆ ಲೇಖನಗಳ ಕೊನೆಯಲ್ಲಿರುವ ಉಲ್ಲೇಖಗಳ ಪಟ್ಟಿ ಬೇಕೇ ಬೇಕು. ಸೊರಬದ ಕ್ಯಾಸನೂರು ಕಾಡಿನ ಈ ರೋಗದ ಬಗ್ಗೆ 1957ರಲ್ಲಿ ಬಂದ ಪ್ರಾಥಮಿಕ ವರದಿಯ ಶೀರ್ಷಿಕೆಯಲ್ಲಿ ಕ್ಯಾಸನೂರಿನ ಹೆಸರೇ ಇಲ್ಲ. ಶಿವಮೊಗ್ಗ ಜಿಲ್ಲೆಯ ಕಾಡಿನ ಹಳ್ಳಿಗರು, ಕಾಡುಮಂಗಗಳು ಎಂದಷ್ಟೇ ಇದೆ. ಆ ಕಾಲದ ದಾಖಲೆಗಳಿಗೆ ಸಾಮಾನ್ಯವಾಗಿ ಸಾರಾಂಶವೂ ಇರುವುದಿಲ್ಲ. ಮಲೆನಾಡಿನ ಜನ ಅನುಭವಿಸಿದ ಆ ಮೊದಲ ವರ್ಷಗಳು ನಿಮ್ಮ ಪ್ರಬಂಧದಿಂದ ಬಿಟ್ಟುಹೋಗಬಾರದು.

ಹಣ ಕೇಳುವ ವಿಚಾರ: ನಿಮ್ಮ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದಾದರೆ, ಅದರ ಕಾಲೇಜುಗಳಿಗೆ ಪತ್ರಿಕೆಗಳನ್ನು ಒದಗಿಸುವ ಗ್ರಂಥಾಲಯ ಜಾಲವಾದ ಹೆಲಿನೆಟ್ ಇದೆ. ಮನೆಯಿಂದ ಬಳಸುವ ಲಾಗಿನ್ ಬಗ್ಗೆ ನಿಮ್ಮ ಗ್ರಂಥಾಲಯದಲ್ಲಿ ಕೇಳಿ. ಸ್ಕಾಲರ್‌ನಲ್ಲಿ 'ಆಲ್ ವರ್ಷನ್ಸ್' ಒತ್ತಿದರೆ ಎಷ್ಟೋ ಸಲ ಉಚಿತ ಪ್ರತಿಯೂ ಸಿಗುತ್ತದೆ.

ಮರುಪ್ರಶ್ನೆ (ವಿದ್ಯಾರ್ಥಿ):
ಧನ್ಯವಾದ ಮೇಡಂ, ಚಿಹ್ನೆ ತೆಗೆದ ಮೇಲೆ ಮೆಶ್ ಪದ ಕಾಣಿಸಿತು. ಅದನ್ನೊಂದೇ ಇಟ್ಟುಕೊಂಡು ಹುಡುಕಿದೆ. ಆದರೆ ಸ್ಕಾಲರ್‌ನಲ್ಲಿರುವ ಹೊಸ ಲೇಖನವೊಂದು ಇಲ್ಲಿ ಬರುತ್ತಿಲ್ಲ. ಹೆಸರು ಹಾಕಿ ಹುಡುಕಿದರೆ ಪಬ್‌ಮೆಡ್‌ನಲ್ಲೂ ಇದೆ!

ಉತ್ತರ (ಗ್ರಂಥಪಾಲಕಿ):
ಪಬ್‌ಮೆಡ್‌ನ ಎಲ್ಲ ದಾಖಲೆಗಳಿಗೂ ಮೆಶ್ ಪದ ಅಂಟಿಸಿರುವುದಿಲ್ಲ. ಪಬ್‌ಮೆಡ್‌ನೊಳಗೆ ಮೆಶ್ ಪದ ಅಂಟಿಸುವ ಮುಖ್ಯ ಭಾಗವಾದ ಮೆಡ್‌ಲೈನ್‌ಗೆ ಸೇರದ ಪತ್ರಿಕೆಗಳ ಲೇಖನಗಳು ಹಾಗೆಯೇ ಉಳಿಯುತ್ತವೆ. ಮೆಶ್ ಪದವನ್ನೂ, ಶೀರ್ಷಿಕೆ ಮತ್ತು ಸಾರಾಂಶದಲ್ಲಿ ಬರುವ 'ಕ್ಯಾಸನೂರ್' ಪದವನ್ನೂ 'ಆರ್' (ಯಾವುದಾದರೊಂದು ಇದ್ದರೂ ಸಾಕು) ಹಾಕಿ ಜೋಡಿಸಿ. ಲಸಿಕೆಗೂ ಹೀಗೆಯೇ ಒಂದು ಗುಂಪು ಮಾಡಿ, ಎರಡು ಗುಂಪುಗಳ ನಡುವೆ 'ಆ್ಯಂಡ್' (ಎರಡೂ ಇರಬೇಕು) ಹಾಕಿ.

ಇನ್ನೊಂದು ಮಾತು: ಸ್ಕಾಲರ್‌ನಲ್ಲಿ ದಿನಾಂಕದ ಪ್ರಕಾರ ವಿಂಗಡಿಸಬೇಡಿ. ಹಾಗೆ ಮಾಡಿದರೆ ಕಳೆದ ಒಂದು ವರ್ಷದಲ್ಲಿ ಸೇರಿದವನ್ನಷ್ಟೇ ತೋರಿಸುತ್ತದೆ. ಎಡಬದಿಯಲ್ಲಿರುವ ವರ್ಷದ ಆಯ್ಕೆಯನ್ನು ಬಳಸಿ. ಹುಡುಕಿದ ಸಾಲನ್ನೂ ದಿನಾಂಕವನ್ನೂ ಬರೆದಿಡಿ, ಮಾರ್ಗದರ್ಶಕರು ಕೇಳಿಯೇ ಕೇಳುತ್ತಾರೆ.