ಹಾಸನ–ಚಿಕ್ಕಮಗಳೂರು ಭಾಗದಲ್ಲಿ ಬಿ ಗುಂಪಿನ ಸ್ಟ್ರೆಪ್ಟೊಕಾಕಸ್ ತಳಿಗಳ ಜಾಡು: ಆರಂಭ ಎಲ್ಲಿಂದ?

ಪ್ರಶ್ನೆ: ಸೂಕ್ಷ್ಮಜೀವಿಶಾಸ್ತ್ರ ಸ್ನಾತಕೋತ್ತರ ವಿದ್ಯಾರ್ಥಿನಿ, ಹಾಸನ

ಎಲ್ಲರಿಗೂ ನಮಸ್ಕಾರ. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಗರ್ಭಿಣಿಯರಲ್ಲಿ ಮತ್ತು ನವಜಾತ ಶಿಶುಗಳಲ್ಲಿ ಕಂಡುಬರುವ, ತಾಯಿಯಿಂದ ಮಗುವಿಗೆ ದಾಟಿ ತೀವ್ರ ಸೋಂಕು ತರಬಲ್ಲ ಬಿ ಗುಂಪಿನ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ ತಳಿಗಳನ್ನು ಗುರುತಿಸಿ, ಅವು ತಾಲ್ಲೂಕುವಾರು ಹೇಗೆ ಹಂಚಿಕೆಯಾಗಿವೆ ಎಂಬುದನ್ನು ತೋರಿಸುವ ವಿಷಯವನ್ನು ನನ್ನ ಪ್ರಬಂಧಕ್ಕೆ ಆರಿಸಿಕೊಂಡಿದ್ದೇನೆ. ನಮ್ಮ ಪ್ರಯೋಗಾಲಯದ ಡೀಪ್ ಫ್ರೀಜರಿನಲ್ಲಿ ಹಿಂದಿನ ವರ್ಷಗಳ ಕೆಲವು ಮಾದರಿಗಳಿವೆ. ಬ್ಯಾಕ್ಟೀರಿಯಾದ ಇಡೀ ಜೀನೋಮ್ (ಪೂರ್ತಿ ಡಿಎನ್‌ಎ) ಓದಿಸುವಷ್ಟು ಹಣ ಎಲ್ಲ ಮಾದರಿಗಳಿಗೂ ಒದಗುವುದಿಲ್ಲ. ಆದ್ದರಿಂದ ನನ್ನ ಪ್ರಶ್ನೆಗಳು ಎರಡು. ಕೂಡಿಟ್ಟ ಮಾದರಿಗಳ ಸೀರೋಟೈಪನ್ನಷ್ಟೇ (ಹೊರಕವಚದ ಬಗೆಯನ್ನಷ್ಟೇ) ಗುರುತಿಸಿದರೆ ಈ ಪ್ರದೇಶದ ಚಿತ್ರ ಸಿಗುತ್ತದೆಯೇ? ಹೊಸದಾಗಿ ಸಂಗ್ರಹಿಸಬೇಕಾದರೆ ಯಾರಿಂದ, ಎಷ್ಟು ಸಂಗ್ರಹಿಸಬೇಕು?

ಉತ್ತರ 1: ಪ್ರಯೋಗಾಲಯದ ಹಿರಿಯ ಸೂಕ್ಷ್ಮಜೀವಿಶಾಸ್ತ್ರಜ್ಞ

ಫ್ರೀಜರಿನಲ್ಲಿರುವ ಮಾದರಿಗಳು ಎಲ್ಲಿಂದ ಬಂದವು ಎಂಬುದನ್ನು ಮೊದಲು ನೋಡಿ. ಸಾಮಾನ್ಯವಾಗಿ ಇಂಥ ಸಂಗ್ರಹದಲ್ಲಿ ಮೂತ್ರದ ಮಾದರಿಗಳು ಮತ್ತು ಸಕ್ಕರೆ ಕಾಯಿಲೆಯಿರುವ ವಯಸ್ಕರ ಹುಣ್ಣಿನ ಮಾದರಿಗಳು ಹೆಚ್ಚಾಗಿರುತ್ತವೆ. ಅವುಗಳಿಂದ ತಾಯಂದಿರ ಬಗ್ಗೆ ಏನನ್ನೂ ಹೇಳಲಾಗುವುದಿಲ್ಲ. ಪರೀಕ್ಷೆಯ ಪದ್ಧತಿಯನ್ನು ರೂಢಿಸಿಕೊಳ್ಳಲು ಅವನ್ನು ಬಳಸಿ, ಲೆಕ್ಕಕ್ಕೆ ಸೇರಿಸಬೇಡಿ.

ಸೀರೋಟೈಪಿನ ವಿಚಾರಕ್ಕೆ ಬರೋಣ. ಈ ಬ್ಯಾಕ್ಟೀರಿಯಾದ ಹೊರಕವಚದ ಸಕ್ಕರೆಯನ್ನು ಆಧರಿಸಿ ಹತ್ತು ಸೀರೋಟೈಪುಗಳನ್ನು ಗುರುತಿಸಲಾಗಿದೆ: 1ಎ, 1ಬಿ, ಮತ್ತು 2ರಿಂದ 9ರವರೆಗೆ. ಈಗ ಪರೀಕ್ಷೆಯಲ್ಲಿರುವ ಆರು ಸೀರೋಟೈಪುಗಳ ಲಸಿಕೆಯು 1ಎ, 1ಬಿ, 2, 3, 4 ಮತ್ತು 5ನ್ನು ಒಳಗೊಂಡಿರುವುದರಿಂದ, ಅದು ನಮ್ಮ ಊರುಗಳಿಗೆ ಎಷ್ಟು ಹೊಂದುತ್ತದೆ ಎಂದು ತಿಳಿಯಲು ಸೀರೋಟೈಪ್ ಸಾಕು. ಆದರೆ ತಳಿಯ ಜಾಡು ಹಿಡಿಯಲು ಅದು ಸಾಲದು. ಸೀರೋಟೈಪ್ 3 ಎಂದು ಬಂದ ಮಾದರಿ, ಶಿಶುಗಳಲ್ಲಿ ಮಿದುಳು ಪೊರೆಯ ಉರಿಯೂತಕ್ಕೆ ಕುಖ್ಯಾತವಾದ ಸಿಸಿ-17 ಎಂಬ ವಂಶದ್ದಾಗಿರಬಹುದು (ಸಿಸಿ ಎಂದರೆ ಹತ್ತಿರದ ಸಂಬಂಧವುಳ್ಳ ತಳಿಗಳ ಗುಂಪು), ಅಥವಾ ಅಷ್ಟೊಂದು ಆಕ್ರಮಣಕಾರಿಯಲ್ಲದ ಸಿಸಿ-19 ವಂಶದ್ದಾಗಿರಬಹುದು. ಕವಚದ ಜೀನುಗಳೇ ಒಂದು ವಂಶದಿಂದ ಇನ್ನೊಂದಕ್ಕೆ ದಾಟುವುದೂ ಉಂಟು. ಸೀರೋಟೈಪ್ 4ರ ಕವಚ ಧರಿಸಿದ ಸಿಸಿ-17 ತಳಿಗಳು ಬೇರೆ ದೇಶಗಳಲ್ಲಿ ಸಿಕ್ಕಿವೆ.

ವಂಶವನ್ನು ಗುರುತಿಸಲು ಏಳು ಜೀನುಗಳ ಅನುಕ್ರಮವನ್ನು ಹೋಲಿಸುವ ಎಂಎಲ್‌ಎಸ್‌ಟಿ ಪದ್ಧತಿ 2003ರಿಂದ ಬಳಕೆಯಲ್ಲಿದೆ. ಜೀನೋಮ್ ಓದಿಸಿದರೆ ಅದರಿಂದಲೇ ಸೀರೋಟೈಪ್, ವಂಶ, ಔಷಧ ನಿರೋಧದ ಜೀನುಗಳು ಮೂರೂ ತಿಳಿಯುತ್ತವೆ. ಹಣ ಕಡಿಮೆಯಿದ್ದರೆ ಹೀಗೆ ಮಾಡಬಹುದು: ಎಲ್ಲ ಮಾದರಿಗಳಿಗೂ ಪಿಸಿಆರ್ ಮೂಲಕ ಸೀರೋಟೈಪ್, ಅವುಗಳಲ್ಲಿ 3 ಮತ್ತು 4 ಎಂದು ಬಂದವಕ್ಕೆ ಸಿಸಿ-17ನ್ನು ಗುರುತಿಸುವ ಎಚ್‌ವಿಜಿಎ ಜೀನಿನ ಪಿಸಿಆರ್, ರೋಗಪೀಡಿತ ಶಿಶುಗಳಿಂದ ಬಂದ ಪ್ರತಿಯೊಂದು ಮಾದರಿಗೂ ಜೀನೋಮ್, ಉಳಿದವುಗಳಲ್ಲಿ ಚೀಟಿ ಎತ್ತಿ ಆರಿಸಿದ ಒಂದು ಭಾಗಕ್ಕೆ ಮಾತ್ರ ಜೀನೋಮ್. ಕುತೂಹಲಕರವೆಂದು ತೋರಿದ ಮಾದರಿಗಳನ್ನಷ್ಟೇ ಆರಿಸಿ ಕಳುಹಿಸುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ; ಹಾಗೆ ಮಾಡಿದರೆ ಹಂಚಿಕೆಯ ಮಾತನ್ನೇ ಆಡುವಂತಿಲ್ಲ.

ಸ್ವಾಬ್ ತೆಗೆಯುವ ಕ್ರಮವೂ ಫಲಿತಾಂಶವನ್ನು ಬದಲಿಸುತ್ತದೆ. ಯೋನಿಯ ಕೆಳಭಾಗ ಮತ್ತು ಗುದದ್ವಾರ ಎರಡರಿಂದಲೂ ತೆಗೆದು, ನೇರವಾಗಿ ರಕ್ತ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಗಟ್ಟಿ ಮಾಧ್ಯಮ) ಮೇಲೆ ಹಚ್ಚದೆ, ಇತರ ಬ್ಯಾಕ್ಟೀರಿಯಾಗಳನ್ನು ತಡೆಯುವ ಆಂಟಿಬಯಾಟಿಕ್ ಬೆರೆಸಿದ ಬ್ರಾತ್ ಎಂಬ ದ್ರವ ಮಾಧ್ಯಮದಲ್ಲಿ 18ರಿಂದ 24 ಗಂಟೆ ಬೆಳೆಸಿ, ಆಮೇಲೆ ಅಗರಿಗೆ ವರ್ಗಾಯಿಸಬೇಕು. ಈ ಹಂತವನ್ನು ಬಿಟ್ಟ ಕಡೆ ವಾಹಕ ಪ್ರಮಾಣ (ಕಾಯಿಲೆಯಿಲ್ಲದೆ ಬ್ಯಾಕ್ಟೀರಿಯಾವನ್ನು ಹೊತ್ತಿರುವವರ ಪಾಲು) ಕಡಿಮೆ ಎಂದೇ ವರದಿಯಾಗುತ್ತದೆ. 2017ರಲ್ಲಿ ಪ್ರಕಟವಾದ ಜಾಗತಿಕ ಅಂದಾಜಿನಲ್ಲಿ ಗರ್ಭಿಣಿಯರ ವಾಹಕ ಪ್ರಮಾಣ ಶೇಕಡಾ 18ರಷ್ಟಿದ್ದರೆ, ದಕ್ಷಿಣ ಏಷ್ಯಾದಲ್ಲಿ ಶೇಕಡಾ 12–13ರ ಆಸುಪಾಸಿನಲ್ಲಿತ್ತು.

ಇನ್ನು ಎಷ್ಟು ಎಂಬ ಪ್ರಶ್ನೆ. ಸಾವಿರ ಗರ್ಭಿಣಿಯರನ್ನು ಪರೀಕ್ಷಿಸಿದರೆ ಸುಮಾರು 120 ಮಾದರಿಗಳು ಸಿಗುತ್ತವೆ ಎಂದುಕೊಳ್ಳಿ. ಅವುಗಳಲ್ಲಿ 12 ಸಿಸಿ-17 ಆಗಿದ್ದರೆ, ನಿಜವಾದ ಪ್ರಮಾಣ ಶೇಕಡಾ 5ರಿಂದ 17ರ ನಡುವೆ ಎಲ್ಲಿಯಾದರೂ ಇರಬಹುದು. 20 ಮಾದರಿಗಳಲ್ಲಿ 2 ಸಿಕ್ಕರೆ ಆ ವ್ಯಾಪ್ತಿ ಶೇಕಡಾ 1ರಿಂದ 32ಕ್ಕೆ ಹಿಗ್ಗುತ್ತದೆ. ತಾಲ್ಲೂಕುವಾರು ನಕ್ಷೆಯ ಆಸೆಯನ್ನು ಬಿಡುವುದು ಒಳ್ಳೆಯದು. ಸಕಲೇಶಪುರಕ್ಕೆ ನಾಲ್ಕು, ಅರಸೀಕೆರೆಗೆ ಆರು ಮಾದರಿ ಎಂದು ಬಣ್ಣ ಹಚ್ಚಿದ ನಕ್ಷೆ ನೋಡಲು ಚೆನ್ನಾಗಿರುತ್ತದೆ, ಅಷ್ಟೇ.

ಉತ್ತರ 2: ಮಕ್ಕಳ ವೈದ್ಯೆ, ಚಿಕ್ಕಮಗಳೂರು

ಹಿರಿಯರು ಪ್ರಯೋಗಾಲಯದ ಕಡೆಯನ್ನು ಚೆನ್ನಾಗಿ ವಿವರಿಸಿದ್ದಾರೆ. ನನ್ನ ಆತಂಕವಿರುವುದು ವಿಳಾಸದ ಬಗ್ಗೆ.

ನಮ್ಮಲ್ಲಿ ಚೊಚ್ಚಲ ಹೆರಿಗೆ ಬಹುಮಟ್ಟಿಗೆ ತವರಿನಲ್ಲಿ ಆಗುತ್ತದೆ. ಬೆಂಗಳೂರಿನಲ್ಲಿ ಎಂಟು ತಿಂಗಳು ಕಳೆದ ಹೆಣ್ಣುಮಗಳು ಕಡೂರಿಗೋ ಚನ್ನರಾಯಪಟ್ಟಣಕ್ಕೋ ಬಂದು ಹೆರುತ್ತಾಳೆ. ಮೂಡಿಗೆರೆಯಲ್ಲಿ ಸಂಸಾರ ಮಾಡುತ್ತಿರುವವಳು ತವರಿರುವ ಬೇರೆ ಜಿಲ್ಲೆಗೆ ಹೋಗುತ್ತಾಳೆ. ಕಾಫಿ ತೋಟದ ಲೈನ್ ಮನೆಗಳಲ್ಲಿರುವ ಹೊರರಾಜ್ಯದ ಕಾರ್ಮಿಕ ಕುಟುಂಬಗಳು ಕೊಯ್ಲು ಮುಗಿದ ಮೇಲೆ ಅಲ್ಲಿರುವುದೇ ಇಲ್ಲ. ಹೀಗಿರುವಾಗ ಹೆರಿಗೆಯಾದ ಆಸ್ಪತ್ರೆಯ ತಾಲ್ಲೂಕನ್ನೇ ತಳಿಯ ತಾಲ್ಲೂಕೆಂದು ಬರೆದುಕೊಂಡರೆ, ನೀವು ಬ್ಯಾಕ್ಟೀರಿಯಾದ ಹಂಚಿಕೆಯನ್ನಲ್ಲ, ಬಾಣಂತನದ ಪದ್ಧತಿಯನ್ನು ಅಳೆದಂತಾಗುತ್ತದೆ. ಗರ್ಭಿಣಿಯಾದ ಮೇಲೆ ಎಲ್ಲೆಲ್ಲಿ, ಎಷ್ಟೆಷ್ಟು ತಿಂಗಳು ವಾಸವಿದ್ದರು ಎಂಬುದನ್ನು ಬಾಯಿಬಿಟ್ಟು ಕೇಳಿ ಬರೆದುಕೊಳ್ಳಿ. ತಾಯಿ ಕಾರ್ಡಿನಲ್ಲಿ ನೋಂದಣಿಯಾದ ಸ್ಥಳವನ್ನೂ ಹೆರಿಗೆಯ ಸ್ಥಳವನ್ನೂ ಬೇರೆ ಬೇರೆ ಕಾಲಮಿನಲ್ಲಿ ಇಡಿ.

ಎರಡನೆಯ ತೊಡಕು ಶಿಶುಗಳದ್ದು. ಹುಟ್ಟಿದ ಮೊದಲ ವಾರದೊಳಗೆ, ಅಂದರೆ 0ರಿಂದ 6ನೇ ದಿನದವರೆಗೆ ಬರುವ ಸೋಂಕು ಹೆರಿಗೆಯ ಸಮಯದಲ್ಲಿ ತಾಯಿಯಿಂದ ಬಂದದ್ದು. 7ರಿಂದ 89ನೇ ದಿನದವರೆಗಿನ ತಡವಾದ ಸೋಂಕಿನಲ್ಲಿ ಸಿಸಿ-17ರ ಪಾಲು ದೊಡ್ಡದು. ಈ ಮಗು ಕಾಯಿಲೆ ಬೀಳುವಾಗ ಹುಟ್ಟಿದ ಆಸ್ಪತ್ರೆಯಲ್ಲಿ ಇರುವುದೇ ಇಲ್ಲ. ಕೊಪ್ಪ, ಶೃಂಗೇರಿ ಕಡೆಯವರು ಶಿವಮೊಗ್ಗಕ್ಕೋ ಮಣಿಪಾಲಕ್ಕೋ, ಮೂಡಿಗೆರೆಯವರು ಮಂಗಳೂರಿಗೋ ಕರೆದೊಯ್ಯುತ್ತಾರೆ. ಆಶಾ ಕಾರ್ಯಕರ್ತೆಯರ ಮನೆಭೇಟಿ 3, 7, 14, 21, 28 ಮತ್ತು 42ನೇ ದಿನಗಳಂದು ನಡೆಯುತ್ತದೆ; ಮುಂದಿನ ಭೇಟಿ ಮೂರನೇ ತಿಂಗಳಿಗೆ. 42ರಿಂದ 89ರ ನಡುವಿನ ಈ ಅಂತರವನ್ನು ದೂರವಾಣಿ ಕರೆಯಿಂದಾದರೂ ತುಂಬಿಸದಿದ್ದರೆ ತಡವಾದ ಸೋಂಕುಗಳು ನಿಮ್ಮ ಪುಸ್ತಕಕ್ಕೆ ಬರುವುದಿಲ್ಲ.

ಶಿಶುಗಳಿಂದ ಬರುವ ಮಾದರಿಗಳು ಬಹಳ ಕಡಿಮೆಯಾಗಿರುತ್ತವೆ ಎಂಬುದಕ್ಕೂ ಸಿದ್ಧರಾಗಿರಿ. ತಡೆಗಟ್ಟುವ ಔಷಧ ಕೊಡದಿದ್ದಾಗ ವಾಹಕ ತಾಯಂದಿರ ಮಕ್ಕಳಲ್ಲಿ ಶೇಕಡಾ 1–2ರಷ್ಟು ಮಕ್ಕಳಿಗೆ ಮಾತ್ರ ಬೇಗನೆ ಬರುವ ಸೋಂಕು ತಗಲುತ್ತದೆ. ಮೇಲಿನ ಲೆಕ್ಕದ 120 ತಾಯಂದಿರಿಗೆ ಒಂದೋ ಎರಡೋ ಮಗು. ಅದರಲ್ಲೂ ಮಗುವನ್ನು ನಮ್ಮಲ್ಲಿಗೆ ಕಳುಹಿಸುವ ಮೊದಲೇ ಆಂಟಿಬಯಾಟಿಕ್ ಚುಚ್ಚಿರುತ್ತಾರೆ, ಆಮೇಲೆ ಬ್ಲಡ್ ಕಲ್ಚರಿನಲ್ಲಿ ಏನೂ ಬೆಳೆಯುವುದಿಲ್ಲ. ಭಾರತದ ನವಜಾತ ಶಿಶುಗಳ ನಂಜಿನಲ್ಲಿ ಈ ಬ್ಯಾಕ್ಟೀರಿಯಾ ಹಿಂದಿನ ಸಾಲಿನಲ್ಲಿದೆ ಎಂಬುದೂ ನಿಜ: 2016ರಲ್ಲಿ ಪ್ರಕಟವಾದ ದೆಹಲಿಯ ಮೂರು ಆಸ್ಪತ್ರೆಗಳ ಅಧ್ಯಯನದಲ್ಲಿ ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾಗಳೇ ಮುಂದಿದ್ದವು.

ಉತ್ತರ 3: ಪಶುವೈದ್ಯ, ಹಾಸನ

ಇದೇ ಬ್ಯಾಕ್ಟೀರಿಯಾ ಹಸುಗಳಲ್ಲಿ ಕೆಚ್ಚಲು ಬಾವನ್ನು ತರುತ್ತದೆ ಎಂಬುದನ್ನು ಇಲ್ಲಿ ಯಾರೂ ಎತ್ತಲಿಲ್ಲ. ಹಾಲು ಉತ್ಪಾದನೆಯೇ ಜೀವನಾಧಾರವಾಗಿರುವ ನಮ್ಮ ಜಿಲ್ಲೆಯಲ್ಲಿ ತಳಿಗಳ ಜಾಡು ಹಿಡಿಯುವವರು ಕೊಟ್ಟಿಗೆಯನ್ನು ಮರೆಯಬಾರದು. ಆದರೂ ಹಸುವಿನಿಂದ ಮನುಷ್ಯರಿಗೆ ಹರಡುತ್ತಿದೆ ಎಂಬ ತೀರ್ಮಾನಕ್ಕೆ ಅವಸರ ಬೇಡ. ಹಸುಗಳಿಗೆ ಒಗ್ಗಿದ ಸಿಸಿ-61/67 ಎಂಬ ಪ್ರತ್ಯೇಕ ವಂಶವಿದೆ. ಸಿಸಿ-1, ಸಿಸಿ-23 ಮುಂತಾದವು ಮಾತ್ರ ಎರಡೂ ಕಡೆ ಕಂಡುಬಂದಿವೆ. ಒಂದೇ ಮನೆಯ ಹಸು ಮತ್ತು ಹಾಲು ಕರೆಯುವವರಲ್ಲಿ ಒಂದೇ ವಂಶ ಸಿಕ್ಕರೂ, ಯಾರಿಂದ ಯಾರಿಗೆ ಹೋಯಿತೆಂಬುದು ಜೀನೋಮಿನ ಸೂಕ್ಷ್ಮ ವ್ಯತ್ಯಾಸಗಳನ್ನು ಹೋಲಿಸದೆ ತಿಳಿಯುವುದಿಲ್ಲ.

ಆಹಾರದ ಮೂಲಕ ಹರಡಿದ ಖಚಿತ ಉದಾಹರಣೆ 2015ರಲ್ಲಿ ಸಿಂಗಾಪುರದಲ್ಲಿ ಕಂಡದ್ದು. ಅಲ್ಲಿ ಹಸಿ ಸಿಹಿನೀರಿನ ಮೀನನ್ನು ತಿಂದ ವಯಸ್ಕರಲ್ಲಿ ಎಸ್‌ಟಿ-283 ಎಂಬ ತಳಿ ತೀವ್ರ ಸೋಂಕನ್ನು ಉಂಟುಮಾಡಿತು. ನಮ್ಮಲ್ಲಿ ಮೀನನ್ನೂ ಹಾಲನ್ನೂ ಕಾಯಿಸಿಯೇ ಬಳಸುವುದರಿಂದ ಆ ದಾರಿ ಇಲ್ಲಿ ಅಷ್ಟು ತೆರೆದಿಲ್ಲ. ಪ್ರಶ್ನಾವಳಿಯಲ್ಲಿ ಹೈನುಗಾರಿಕೆಯ ಬಗ್ಗೆ ಎರಡು ಸಾಲು ಸೇರಿಸಿ. ಮುಂದೆ ಯಾರಾದರೂ ಹಾಲಿನ ಮಾದರಿಗಳನ್ನು ಪರೀಕ್ಷಿಸಿದರೆ ಹೋಲಿಕೆಗೆ ಬರುತ್ತದೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದಗಳು. ತಾಲ್ಲೂಕು ನಕ್ಷೆಯನ್ನು ಕೈಬಿಟ್ಟು, ಮಲೆನಾಡು ಮತ್ತು ಬಯಲುಸೀಮೆ ಎಂಬ ಎರಡೇ ವಿಭಾಗ ಮಾಡಿಕೊಂಡು, ವಾಸದ ಇತಿಹಾಸವನ್ನು ಆಧರಿಸಿ ತಾಯಂದಿರನ್ನು ವಿಂಗಡಿಸುವುದು ಸರಿಯೆಂದು ತೋರುತ್ತದೆ. ಇನ್ನೊಂದು ಸಂದೇಹ: ಸ್ವಾಬ್ ಪಾಸಿಟಿವ್ ಬಂದ ತಾಯಿಗೆ ನಾನು ಏನು ಹೇಳಬೇಕು? ನಮ್ಮ ಭಾಗದಲ್ಲಿ ಎಲ್ಲರಿಗೂ ಈ ಪರೀಕ್ಷೆ ಮಾಡುವ ರೂಢಿಯಿಲ್ಲ.

ಉತ್ತರ 4: ಪ್ರಸೂತಿ ತಜ್ಞೆ, ಹಾಸನ

ಇದನ್ನು ಮಾದರಿ ಸಂಗ್ರಹಿಸುವ ಮೊದಲೇ ನಿಮ್ಮ ಕಾಲೇಜಿನ ನೈತಿಕ ಸಮಿತಿಯ ಮುಂದೆ ಇಡಿ. ಫಲಿತಾಂಶ ಗೊತ್ತಿದ್ದೂ ಸುಮ್ಮನಿರುವುದು ಸಲ್ಲದು. ಅಮೆರಿಕದಲ್ಲಿ ಎಲ್ಲ ಗರ್ಭಿಣಿಯರನ್ನೂ 36–37ನೇ ವಾರದಲ್ಲಿ ಪರೀಕ್ಷಿಸುತ್ತಾರೆ, ಬ್ರಿಟನ್ನಿನಲ್ಲಿ ಅಪಾಯದ ಲಕ್ಷಣಗಳನ್ನು ನೋಡಿ ಔಷಧ ಕೊಡುತ್ತಾರೆ. ಎರಡರಲ್ಲೂ ಔಷಧ ಹೆರಿಗೆ ನೋವಿನ ಸಮಯದಲ್ಲಿ ರಕ್ತನಾಳಕ್ಕೆ ಕೊಡುವ ಪೆನಿಸಿಲಿನ್, ಸಾಧ್ಯವಾದಷ್ಟು ಮಟ್ಟಿಗೆ ಹೆರಿಗೆಗೆ ನಾಲ್ಕು ಗಂಟೆ ಮುಂಚೆ. ಗರ್ಭಾವಸ್ಥೆಯಲ್ಲಿ ಮೊದಲೇ ಮಾತ್ರೆ ಕೊಟ್ಟು ತೊಲಗಿಸುವ ಪ್ರಯತ್ನದಿಂದ ಪ್ರಯೋಜನವಿಲ್ಲ, ಬ್ಯಾಕ್ಟೀರಿಯಾ ಮರಳಿ ಬರುತ್ತದೆ. ಮೂತ್ರದಲ್ಲಿ ಸೋಂಕಿದ್ದರೆ ಅದರ ಚಿಕಿತ್ಸೆ ಬೇರೆ ಮಾತು.

ಹೆರಿಗೆ ಬೇರೆ ಊರಿನಲ್ಲಿ ಆಗುವ ಸಾಧ್ಯತೆಯಿರುವುದರಿಂದ ವರದಿ ನಿಮ್ಮ ಕಡತದಲ್ಲಿ ಕುಳಿತರೆ ಉಪಯೋಗವಿಲ್ಲ. ತಾಯಿ ಕಾರ್ಡಿನ ಮೇಲೆ ದಿನಾಂಕದೊಂದಿಗೆ ಬರೆಯಿರಿ, ಪೆನಿಸಿಲಿನ್ ಅಲರ್ಜಿ ಇದೆಯೇ ಎಂಬುದನ್ನೂ ಅದರ ಪಕ್ಕದಲ್ಲೇ ಬರೆಯಿರಿ. ಅಲರ್ಜಿಯಿದ್ದವರಿಗೆ ಕ್ಲಿಂಡಮೈಸಿನ್ ಕೊಡಬೇಕಾಗಬಹುದು, ಆದರೆ ಅದಕ್ಕೆ ನಿರೋಧ ಬೆಳೆಸಿಕೊಂಡ ತಳಿಗಳು ಸಾಕಷ್ಟಿವೆ. ಆದ್ದರಿಂದ ಅಂಥವರ ಮಾದರಿಗೆ ಕ್ಲಿಂಡಮೈಸಿನ್ ಬಿಲ್ಲೆಯ ಪಕ್ಕದಲ್ಲಿ ಎರಿತ್ರೊಮೈಸಿನ್ ಬಿಲ್ಲೆಯನ್ನಿಟ್ಟು, ಅಡಗಿರುವ ನಿರೋಧವನ್ನು ಪತ್ತೆಹಚ್ಚಲು ಮಾಡುವ ಡಿ-ಪರೀಕ್ಷೆಯ ಫಲಿತಾಂಶವನ್ನು, ತಳಿಯ ಹೆಸರಿಗಾಗಿ ಕಾಯದೆ, ಮೊದಲು ಕಳುಹಿಸಿಕೊಡಿ.